ಡೂಲಾ ಚೀಲಕ್ಕೆ ಏನೇನು ತುಂಬಲಿ? ಜಿಪ್ಪೇ ಹಾಕಲು ಆಗುತ್ತಿಲ್ಲ

ಚೀಲದ_ಚಿಂತೆ:
ಎಲ್ಲರಿಗೂ ನಮಸ್ಕಾರ. ಡೂಲಾ (ಹೆರಿಗೆಯ ಹೊತ್ತಿನಲ್ಲಿ ತಾಯಿಯ ಜೊತೆಗಿದ್ದು ಆಸರೆಯಾಗುವವಳು) ತರಬೇತಿ ಮುಗಿಸಿ ಎರಡು ತಿಂಗಳಾಯಿತು. ಮೊದಲ ಹೆರಿಗೆ ಹತ್ತಿರ ಬಂತು. ನನ್ನದಲ್ಲ, ನಾನು ಜೊತೆಗಿರಬೇಕಾದದ್ದು! ಇದನ್ನು ಮನೆಯಲ್ಲಿ ಸರಿಯಾಗಿ ಬಿಡಿಸಿ ಹೇಳದೆ ಅತ್ತೆಯವರನ್ನು ಗಾಬರಿಪಡಿಸಿದ್ದೂ ಆಯಿತು. ಆ ತಾಯಿಗೆ ಈಗ 36 ವಾರ. 38ನೇ ವಾರದಿಂದ ನಾನು ಫೋನನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗಬೇಕು.

ಸಮಸ್ಯೆ ಏನೆಂದರೆ ಚೀಲ. ಇಲ್ಲಿಯವರೆಗೆ ತುಂಬಿದ್ದು ಇಷ್ಟು: ದೊಡ್ಡ ಚೆಂಡು, ಅದರ ಪಂಪು, ರೆಬೋಸೋ ಶಾಲು, ಬಿಸಿ ಪ್ಯಾಕು ಎರಡು, ಮಸಾಜ್ ಎಣ್ಣೆ, ಸುಗಂಧ ತೈಲ ಆರು ಬಗೆ, ಅದನ್ನು ಗಾಳಿಗೆ ಹರಡುವ ಡಿಫ್ಯೂಸರ್, ಬ್ಯಾಟರಿ ದೀಪ ಹನ್ನೆರಡು, ಸ್ಪೀಕರ್, ಟೆನ್ಸ್ ಯಂತ್ರ (ಚರ್ಮದ ಮೇಲೆ ಸಣ್ಣ ವಿದ್ಯುತ್ ಮಿಡಿತ ಕೊಟ್ಟು ನೋವು ತಗ್ಗಿಸುವುದು), ಬೆನ್ನಿಗೆ ಉರುಳಿಸುವ ಮರದ ಗುಂಡು, ಹೆರಿಗೆಯ ಬಗ್ಗೆ ದಪ್ಪ ಪುಸ್ತಕ ಎರಡು, ನನ್ನ ಒಂದು ಜೊತೆ ಬಟ್ಟೆ. ಚಕ್ರದ ಸೂಟ್‌ಕೇಸು ತೆಗೆದುಕೊಂಡೆ, ಆದರೂ ಮೇಲೆ ಕುಳಿತು ಜಿಪ್ ಎಳೆಯಬೇಕಾಯಿತು.

ಏನು ತೆಗೆಯಲಿ? ಏನು ಮರೆತಿದ್ದೇನೆ? ಅನುಭವ ಇರುವವರು ದಯವಿಟ್ಟು ಹೇಳಿ. ಬೈದರೂ ಪರವಾಗಿಲ್ಲ.

ಒಂದೇ_ಜೇಬು:
ಪುಸ್ತಕ ಯಾಕೆ? ಅಲ್ಲಿ ಪರೀಕ್ಷೆ ಇದೆಯಾ?

ಚೀಲದ_ಚಿಂತೆ:
@ಒಂದೇ_ಜೇಬು ಏನಾದರೂ ಮರೆತುಹೋದರೆ ನೋಡಿಕೊಳ್ಳಲು 🙈

ಹಳೇ_ಕೈ:
ನೂರು ದಾಟಿದ ಮೇಲೆ ನಾನು ಹೆರಿಗೆಗಳನ್ನು ಎಣಿಸುವುದು ಬಿಟ್ಟೆ. ನನ್ನ ಮೊದಲ ಚೀಲವೂ ನಿಮ್ಮದರ ಹಾಗೇ ಇತ್ತು ತಂಗಿ. ಭಯ ಆದಾಗ ಕೈ ಸುಮ್ಮನಿರುವುದಿಲ್ಲ, ಏನಾದರೂ ತುಂಬುತ್ತಲೇ ಇರುತ್ತದೆ.

ನಾನೀಗ ಬೆನ್ನಿಗೆ ಹಾಕುವ ಒಂದು ಚೀಲ, ಅದರೊಳಗೆ ಮೂರು ಸಣ್ಣ ಚೀಲ ಇಟ್ಟುಕೊಳ್ಳುತ್ತೇನೆ. ಒಂದು ತಾಯಿಗೆ, ಒಂದು ಅವಳ ಜೊತೆಗೆ ಬಂದವರಿಗೆ, ಒಂದು ನನಗೆ. ಮೂರರಲ್ಲಿ ದೊಡ್ಡದು ನನ್ನದೇ. ಇದನ್ನು ಹೇಳಿದರೆ ಹೊಸಬರು ಮುಖ ಕಿವುಚುತ್ತಾರೆ. ಆದರೆ ಲೆಕ್ಕ ಹಾಕಿ. ಚೊಚ್ಚಲ ಹೆರಿಗೆಯಲ್ಲಿ ಗರ್ಭಕೋಶದ ಬಾಯಿ 5 ಸೆಂ.ಮೀ. ತೆರೆದ ಮೇಲೆಯೇ 12 ಗಂಟೆವರೆಗೆ ಹಿಡಿಯಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ಅದಕ್ಕೆ ಮೊದಲಿನ ಗಂಟೆಗಳು ಬೇರೆ, ಅವಕ್ಕೆ ಲೆಕ್ಕವೇ ಇಲ್ಲ. ಅಷ್ಟು ಹೊತ್ತು ನೀವು ಬಗ್ಗಿ, ಮೊಣಕಾಲೂರಿ, ಅವಳ ಸೊಂಟ ಒತ್ತುತ್ತಿರಬೇಕು. ಹಸಿವಿನಿಂದ ನೀವೇ ತಲೆಸುತ್ತಿ ಕುಳಿತರೆ ನಿಮ್ಮನ್ನು ನೋಡಿಕೊಳ್ಳಲು ಇನ್ನೊಬ್ಬರು ಬೇಕಾಗುತ್ತದೆ.

ನನ್ನ ಪಾಲಿಗೆ: ವಾಸನೆ ಬರದ ಒಣ ತಿನಿಸು, ನೀರಿನ ಬಾಟಲಿ, ಹಲ್ಲುಜ್ಜುವ ಬ್ರಷ್ಷು, ಪುದೀನ ಗುಳಿಗೆ, ಒಳಉಡುಪು ಸಹಿತ ಪೂರ್ತಿ ಒಂದು ಜೊತೆ ಬಟ್ಟೆ, ತೆಳ್ಳನೆಯ ಸ್ವೆಟರ್, ನನ್ನ ಮಾತ್ರೆಗಳು, ನನ್ನ ಪ್ಯಾಡು. ಹೌದು, ನಿಮ್ಮ ಮುಟ್ಟು ಅವಳ ಹೆರಿಗೆಯ ದಿನ ನೋಡಿಕೊಂಡು ಬರುವುದಿಲ್ಲ.

ಅವಳಿಗೆ: ಬಗ್ಗುವ ಸ್ಟ್ರಾ, ತುಟಿಗೆ ಹಚ್ಚುವ ಬಾಮ್, ಸಣ್ಣ ಟವೆಲ್ ಎರಡು, ಬೀಸಣಿಗೆ, ತಲೆಗೂದಲಿಗೆ ರಬ್ಬರ್ ಬ್ಯಾಂಡು ನಾಲ್ಕೈದು, ಜಾರದ ಕಾಲುಚೀಲ, ವಾಸನೆ ಇಲ್ಲದ ಮಸಾಜ್ ಎಣ್ಣೆ. ಇಷ್ಟರಲ್ಲೇ ಮುಕ್ಕಾಲು ಕೆಲಸ ಆಗುತ್ತದೆ.

ಎರಡು_ಮಕ್ಕಳ_ತಾಯಿ:
ಸ್ಟ್ರಾ!! ಸ್ಟ್ರಾಗೆ ಒಂದು ನಮಸ್ಕಾರ. ಮಂಡಿಯೂರಿ ಮಂಚದ ಮೇಲೆ ಮುಖ ಹುದುಗಿಸಿಕೊಂಡಿದ್ದಾಗ ಬಾಯಿಯ ಹತ್ತಿರ ಸ್ಟ್ರಾ ಬರುತ್ತಿತ್ತು. ತಲೆ ಎತ್ತದೆ ಒಂದು ಗುಟುಕು ಕುಡಿಯುತ್ತಿದ್ದೆ. ಲೋಟ ಕೊಟ್ಟಿದ್ದರೆ ಎಸೆಯುತ್ತಿದ್ದೆ.

ರಾತ್ರಿಪಾಳಿ_ನರ್ಸ್:
ಲೇಬರ್ ರೂಮಿನ ಕಡೆಯಿಂದ ನಾಲ್ಕು ಮಾತು, ಕೋಪ ಮಾಡಿಕೊಳ್ಳಬೇಡಿ.

ಸೂಟ್‌ಕೇಸು ಬೇಡ. ಮಂಚದ ಸುತ್ತ ನಮಗೆ ಜಾಗ ಬೇಕು. ಏನಾದರೂ ಎಡವಟ್ಟಾದರೆ ಅರ್ಧ ನಿಮಿಷದಲ್ಲಿ ನಾಲ್ಕೈದು ಜನ, ಒಂದು ಟ್ರಾಲಿ ಒಳಗೆ ಬರುತ್ತವೆ. ನಿಮ್ಮ ಪೆಟ್ಟಿಗೆ ಕಾಲಿಗೆ ಅಡ್ಡ ಸಿಗಬಾರದು. ಮಂಚದ ತಲೆಯ ಕಡೆ ಆಮ್ಲಜನಕ, ಸಕ್ಷನ್ ಎಲ್ಲ ಇರುತ್ತದೆ, ಅಲ್ಲಂತೂ ಚೀಲ ಇಡಲೇಬೇಡಿ. ಮೂಲೆಯಲ್ಲಿ, ಕುರ್ಚಿಯ ಕೆಳಗೆ. ಅಲ್ಲಿ ಹಿಡಿಯುವಷ್ಟೇ ತನ್ನಿ.

ಬೆಂಕಿಯ ದೀಪ, ಊದುಬತ್ತಿ ಎರಡೂ ಇಲ್ಲವೇ ಇಲ್ಲ. ಬ್ಯಾಟರಿ ದೀಪ ಓಕೆ. ಗೋಡೆಗೆ ಸಿಕ್ಕಿಸುವ ಯಾವ ಯಂತ್ರ ಆದರೂ ಮೊದಲು ಕೇಳಿ. ಎಷ್ಟೋ ಕಡೆ ಹೊರಗಿನ ಎಕ್ಸ್‌ಟೆನ್ಶನ್ ಬೋರ್ಡ್ ಬಿಡುವುದಿಲ್ಲ.

ಮತ್ತೆ ಚಕ್ರ! ರಾತ್ರಿ ಮೂರು ಗಂಟೆಗೆ ಕಾರಿಡಾರಿನಲ್ಲಿ ಗಡಗಡ ಅಂತ ಸೂಟ್‌ಕೇಸು ಎಳೆದುಕೊಂಡು ಬರುವವರು ಯಾರೇ ಆಗಿರಲಿ, ಆಗಷ್ಟೇ ಕಣ್ಣು ಮುಚ್ಚಿದ ಎಂಟು ಬಾಣಂತಿಯರ ಶಾಪ ತಟ್ಟುತ್ತದೆ.

ಚೀಲದ_ಚಿಂತೆ:
ಸೂಟ್‌ಕೇಸು ಅಟ್ಟಕ್ಕೆ ಹೋಯಿತು. ಡಿಫ್ಯೂಸರ್ ಕೂಡ ಬೇಡವಾ ಮೇಡಂ?

ರಾತ್ರಿಪಾಳಿ_ನರ್ಸ್:
ಬೇಡ. ನೀವು ಜೊತೆಗಿರುವ ತಾಯಿಗೆ ಇಷ್ಟ ಇರಬಹುದು. ಪಕ್ಕದ ಕೋಣೆಯಲ್ಲಿ ಆಸ್ತಮಾ ಇರುವವರು ಇರಬಹುದು. ನಮ್ಮ ಪಾಳಿಯಲ್ಲೇ ಬಸುರಿ ನರ್ಸ್ ಇರಬಹುದು. ಗಾಳಿಗೆ ಬಿಟ್ಟದ್ದನ್ನು ವಾಪಸ್ ಡಬ್ಬಿಗೆ ಹಾಕಲು ಆಗುವುದಿಲ್ಲ.

ಲವಂಗದ_ಹೂವು:
ಇದು ಸ್ವಲ್ಪ ಜಾಸ್ತಿ ಆಯಿತು. ಆರು ವರ್ಷದಿಂದ ಸುಗಂಧ ತೈಲ ಬಳಸುತ್ತಿದ್ದೇನೆ, ಎಷ್ಟೋ ತಾಯಂದಿರು ಆ ಪರಿಮಳದಿಂದಲೇ ಉಸಿರು ಹಿಡಿತಕ್ಕೆ ತಂದುಕೊಂಡಿದ್ದಾರೆ. ಓಕರಿಕೆಗೆ ಪುದೀನ ತೈಲ, ಮನಸ್ಸು ತಣ್ಣಗಾಗಲು ಲ್ಯಾವೆಂಡರ್. ಎಲ್ಲವನ್ನೂ ಬೇಡ ಎಂದರೆ ಆಸ್ಪತ್ರೆಯ ಫಿನಾಯಿಲ್ ವಾಸನೆಯಲ್ಲೇ ಹೆರಬೇಕಾ?

ಎರಡು_ಮಕ್ಕಳ_ತಾಯಿ:
@ಲವಂಗದ_ಹೂವು ನನ್ನ ಕಥೆ ಕೇಳಿ. ಎಂಟನೇ ತಿಂಗಳಲ್ಲಿ ನಾನೇ ಲ್ಯಾವೆಂಡರ್ ಆರಿಸಿದ್ದು. ದಿಂಬಿಗೆಲ್ಲ ಹಾಕಿಕೊಂಡು ಮಲಗುತ್ತಿದ್ದೆ. ಹೆರಿಗೆಯ ದಿನ 7 ಸೆಂ.ಮೀ. ಆದಾಗ ಅದೇ ವಾಸನೆ ಮೂಗಿಗೆ ಬಡಿಯಿತು ನೋಡಿ, ವಾಂತಿ! "ಅದನ್ನು ಕಿಟಕಿಯಿಂದ ಆಚೆ ಎಸೀರಿ" ಅಂತ ಕಿರುಚಿದೆನಂತೆ. ನನಗೆ ನೆನಪಿಲ್ಲ, ಗಂಡ ಇವತ್ತಿಗೂ ಹೇಳಿ ನಗುತ್ತಾರೆ. ಮಗನಿಗೆ ಈಗ ಐದು ವರ್ಷ, ಈಗಲೂ ಆ ಸೋಪು ಮನೆಗೆ ಬರುವುದಿಲ್ಲ.

ಹಳೇ_ಕೈ:
ಇಬ್ಬರೂ ಹೇಳುವುದು ಸರಿಯೇ. ನಡುದಾರಿ ಇದೆ. ಹತ್ತಿಯ ಉಂಡೆಗೆ ಒಂದೇ ಹನಿ ಹಾಕಿ, ಸಣ್ಣ ಜಿಪ್ ಕವರಿನಲ್ಲಿಡಿ. ಅವಳೇ ತೆರೆದು ಮೂಸಿ ನೋಡಲಿ. ಬೇಡ ಎಂದ ಕೂಡಲೇ ಮುಚ್ಚಿಬಿಡಬಹುದು, ಕೋಣೆಯಲ್ಲಿ ಉಳಿಯುವುದಿಲ್ಲ. ನೇರವಾಗಿ ಚರ್ಮಕ್ಕೆ ಹಚ್ಚಬೇಡಿ, ಕುಡಿಸಲೇಬೇಡಿ, ಮಗು ಹುಟ್ಟಿದ ಮೇಲೆ ಆ ಕವರ್ ಹೊರಗೆ ತೆಗೆಯಲೇಬೇಡಿ. ಆರು ಬಗೆಯಲ್ಲಿ ಒಂದೋ ಎರಡೋ ಸಾಕು.

ನಿಮ್ಮ ಸ್ವಂತ ಸೆಂಟು, ತಲೆಗೆ ಹಚ್ಚುವ ಎಣ್ಣೆ, ಕಾಫಿ ಕುಡಿದ ಬಾಯಿ, ಇವೂ ಸುಗಂಧ ತೈಲದ ಲೆಕ್ಕಕ್ಕೇ ಬರುತ್ತವೆ. ಅದಕ್ಕೇ ಬ್ರಷ್ಷು ಅಂದದ್ದು.

ರಾತ್ರಿಪಾಳಿ_ನರ್ಸ್:
ಹತ್ತಿ ಉಂಡೆ ಓಕೆ. ಹೇಳಬಾರದೆಂದಿದ್ದೆ, ಹೇಳಿಬಿಡುತ್ತೇನೆ: ಹೆರಿಗೆ ಆದ ಮೇಲೆ ಮೂತ್ರ ಹೊರಡದೆ ಒದ್ದಾಡುವವರಿಗೆ ಟಾಯ್ಲೆಟ್ಟಿನ ನೀರಿಗೆ ಒಂದು ಹನಿ ಪುದೀನ ತೈಲ ಹಾಕಿ ಕೂರಿಸುವುದನ್ನು ನಾವೂ ಮಾಡುತ್ತೇವೆ.

ಲವಂಗದ_ಹೂವು:
ನೋಡಿದಿರಾ!! 😄

ಪ್ರಶ್ನೆ_ಮಾರ್ಕು:
ಒಂದು ದಡ್ಡ ಪ್ರಶ್ನೆ. ಡೂಲಾ ಅಂದರೆ ಸೂಲಗಿತ್ತಿ ಅಂತಾನೇ ಅಲ್ವಾ? ಹಾಗಿದ್ದರೆ ಚೀಲದಲ್ಲಿ ಬಿಪಿ ಯಂತ್ರ ಇಲ್ಲ, ಕತ್ತರಿ ಇಲ್ಲ, ಮಗುವಿನ ಎದೆಬಡಿತ ಕೇಳುವುದು ಇಲ್ಲ. ಬೀಸಣಿಗೆ ಇದೆ, ದೀಪ ಇದೆ. ಇದಕ್ಕೆ ತರಬೇತಿ ಬೇರೆಯಾ?

ಹಳೇ_ಕೈ:
ಅಲ್ಲ. ಸೂಲಗಿತ್ತಿ ಹೆರಿಗೆ ಮಾಡಿಸುತ್ತಾಳೆ. ಡೂಲಾ ಹೆರಿಗೆ ಮಾಡಿಸುವುದಿಲ್ಲ, ಹೆರುವವಳ ಜೊತೆಗಿರುತ್ತಾಳೆ. ಒಳಪರೀಕ್ಷೆ ಇಲ್ಲ, ಮದ್ದು ಇಲ್ಲ, ಬಿಪಿ ನೋಡುವುದಿಲ್ಲ. ನೀವು ಹೇಳಿದ ವಸ್ತುಗಳು ಚೀಲದಲ್ಲಿ ಇರಲೇಬಾರದು.

ಎದೆಬಡಿತ ಕೇಳುವ ಡಾಪ್ಲರ್ ವಿಷಯ ನೀವು ತೆಗೆದದ್ದು ಒಳ್ಳೆಯದಾಯಿತು. ಅದನ್ನು ತಂದುಕೊಂಡ ಹೊಸ ಡೂಲಾ ಒಬ್ಬಳನ್ನು ನಾನು ನೋಡಿದ್ದೇನೆ. "ಬಡಿತ ಕೇಳಿಸುತ್ತಿದೆ, ಇನ್ನೂ ಸ್ವಲ್ಪ ಹೊತ್ತು ಮನೆಯಲ್ಲೇ ಇರೋಣ" ಎಂದು ಅವಳು ಹೇಳಿದರೆ ಮನೆಯವರು ನಂಬುತ್ತಾರೆ. ಆ ಶಬ್ದ ತಾಯಿಯ ನಾಡಿಯದ್ದಾಗಿದ್ದರೆ? ಬಡಿತ ಇಳಿಯುತ್ತಿದ್ದರೆ? ಓದಲು ಬರದ ಯಂತ್ರ ಚೀಲದಲ್ಲಿರುವುದು ಅಪಾಯ. ಮಗುವಿನ ಓಡಾಟ ಕಡಿಮೆ ಆಯಿತು, ರಕ್ತ ಹೋಯಿತು, ನೀರು ಹಸಿರಾಗಿ ಹೋಯಿತು ಎಂದರೆ ಡೂಲಾ ಹೇಳಬೇಕಾದದ್ದು ಒಂದೇ, ಈಗಲೇ ಆಸ್ಪತ್ರೆಗೆ ಹೊರಡಿ.

ಅಂಕಿ_ಅಂಶ:
@ಪ್ರಶ್ನೆ_ಮಾರ್ಕು ಪದದ ಬಗ್ಗೆ: ಗ್ರೀಕಿನಲ್ಲಿ ಇದರ ಅರ್ಥ ಸೇವೆ ಮಾಡುವವಳು, ದಾಸಿ. ಈಗಿನ ಅರ್ಥಕ್ಕೆ ಹತ್ತಿರವಾಗಿ ಮೊದಲು ಬಳಸಿದವರು ಡೇನಾ ರಫೇಲ್ ಎಂಬ ಮಾನವಶಾಸ್ತ್ರಜ್ಞೆ, 1970ರ ದಶಕದಲ್ಲಿ. ಆಮೇಲೆ ಮಾರ್ಷಲ್ ಕ್ಲೌಸ್ ಮತ್ತು ಜಾನ್ ಕೆನ್ನೆಲ್ ಎಂಬ ಮಕ್ಕಳ ವೈದ್ಯರು ಗ್ವಾಟೆಮಾಲಾದ ಆಸ್ಪತ್ರೆಯಲ್ಲಿ ಅಧ್ಯಯನ ಮಾಡಿದರು, 1980ರಲ್ಲಿ ಪ್ರಕಟವಾಯಿತು. ಜೊತೆಗೊಬ್ಬ ಹೆಂಗಸು ಕುಳಿತಿದ್ದ ತಾಯಂದಿರ ಹೆರಿಗೆ ಬೇಗ ಆಗಿತ್ತು. 1992ರಲ್ಲಿ ಇವರಿಬ್ಬರು, ಪೆನ್ನಿ ಸಿಂಕಿನ್ ಮತ್ತು ಇನ್ನಿಬ್ಬರು ಸೇರಿ ಡೂಲಾಗಳಿಗೆ ತರಬೇತಿ ಕೊಡುವ ಡೋನಾ ಸಂಸ್ಥೆ ಶುರು ಮಾಡಿದರು.

ಬೀಸಣಿಗೆಗೆ ತರಬೇತಿ ಯಾಕೆ ಅಂದಿರಲ್ಲ, 2017ರ ಕಾಕ್ರನ್ ವಿಮರ್ಶೆ (ಹಲವು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) ನೋಡಿ. 26 ಅಧ್ಯಯನ, 17 ದೇಶ, 15,858 ಮಹಿಳೆಯರು. ಹೆರಿಗೆಯುದ್ದಕ್ಕೂ ಒಬ್ಬರು ಜೊತೆಗಿದ್ದವರಲ್ಲಿ ಸಹಜ ಹೆರಿಗೆ ಜಾಸ್ತಿ, ಸಿಸೇರಿಯನ್ ಕಡಿಮೆ, ನೋವಿನ ಮದ್ದು ಕಡಿಮೆ. ಹೆರಿಗೆಯ ಸಮಯ ಸರಾಸರಿ 40 ನಿಮಿಷದಷ್ಟು ಕಡಿಮೆ. ಚೀಲದ ತೂಕ ಎಷ್ಟಿತ್ತು ಎಂದು ಅದರಲ್ಲಿ ಬರೆದಿಲ್ಲ.

ಪ್ರಶ್ನೆ_ಮಾರ್ಕು:
ಒಬ್ಬರು ಜೊತೆಗಿದ್ದರೆ ಅಂದಿರಿ. ಆ ಒಬ್ಬರು ಗಂಡನೋ ಅಮ್ಮನೋ ಆದರೆ ಸಾಲದಾ?

ಅಂಕಿ_ಅಂಶ:
ನ್ಯಾಯವಾದ ಪ್ರಶ್ನೆ. ಆ ವಿಮರ್ಶೆಯಲ್ಲಿ ಮೂರೂ ಬಗೆಯವರಿದ್ದಾರೆ: ಆಸ್ಪತ್ರೆಯ ಸಿಬ್ಬಂದಿ, ಡೂಲಾ, ಮನೆಯವರು ಅಥವಾ ಗೆಳತಿಯರು. ಎಲ್ಲವನ್ನೂ ಡೂಲಾ ಖಾತೆಗೆ ಹಾಕಿದರೆ ತಪ್ಪಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅಷ್ಟೇ, ತಾಯಿ ತಾನೇ ಆರಿಸಿದವರು ಜೊತೆಗಿರಲಿ ಎಂದು.

ಹೊಸ_ಅಪ್ಪ:
ಗಂಡನ ಕಡೆಯಿಂದ ಸಾಕ್ಷಿ ಹೇಳುತ್ತೇನೆ, ಗಂಡ ಸಾಲದು. 😅

ಮೊದಲ ಆರು ಗಂಟೆ ನಾನು ಹುಲಿ. ಆಮೇಲೆ ಊಟ ಮರೆತೆ, ನೀರು ಮರೆತೆ, ಫೋನ್ 2% ಇತ್ತು, ಎರಡೂ ಮನೆಯಿಂದ ಐದು ನಿಮಿಷಕ್ಕೊಮ್ಮೆ "ಆಯ್ತಾ? ಆಯ್ತಾ?" ಅಂತ ಕರೆ. ನನ್ನ ಹೆಂಡತಿಯ ಸೊಂಟ ಒತ್ತಿ ಒತ್ತಿ ಕೈ ಮರಗಟ್ಟಿತ್ತು. ನಮ್ಮ ಡೂಲಾ ಅಕ್ಕ ಚೀಲದಿಂದ ಪವರ್ ಬ್ಯಾಂಕ್ ತೆಗೆದು ಕೊಟ್ಟರು. ಎರಡು ಮೀಟರ್ ಕೇಬಲ್ ಬೇರೆ. ಆಮೇಲೆ ಒಂದು ಪೊಟ್ಟಣ ತಿನಿಸು ಕೈಗಿಟ್ಟು, "ಹೋಗಿ ಮುಖ ತೊಳ್ಕೊಂಡು ಇದನ್ನ ತಿಂದು ಬನ್ನಿ, ಹತ್ತು ನಿಮಿಷ ನಾನಿದ್ದೀನಿ" ಅಂದರು. ಬಾತ್‌ರೂಮಿನಲ್ಲಿ ಐದು ನಿಮಿಷ ಅತ್ತುಬಿಟ್ಟೆ ಕೂಡ. ವಾಪಸ್ ಬಂದ ಮೇಲೆ ಮತ್ತೆ ಮನುಷ್ಯ ಆದೆ.

ಆದ್ದರಿಂದ ಗಂಡನ ಪಾಲಿನ ಚೀಲ ಮರೆಯಬೇಡಿ ಮೇಡಂ.

ಎರಡು_ಮಕ್ಕಳ_ತಾಯಿ:
ಐದು ನಿಮಿಷ ಅತ್ತದ್ದು ಹೆಂಡತಿಗೆ ಗೊತ್ತಾ?

ಹೊಸ_ಅಪ್ಪ:
ಇವತ್ತು ಗೊತ್ತಾಗುತ್ತದೆ, ಅವಳೂ ಇಲ್ಲಿ ಓದುತ್ತಾಳೆ.

ಬೆನ್ನೆಲುಬು:
ಫಿಸಿಯೋ ಆಗಿ ನನ್ನ ಪಾಲು. ಚೆಂಡಿನ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ.

ಚೆಂಡು ಒಂದೇ ಅಳತೆ ಅಲ್ಲ. 55, 65, 75 ಸೆಂ.ಮೀ. ಎಂದು ಬರುತ್ತವೆ. ಕುಳಿತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಸೊಂಟ ಮಂಡಿಗಿಂತ ಒಂದಿಷ್ಟು ಮೇಲಿರಬೇಕು. ಸಾಧಾರಣ ಎತ್ತರದವರಿಗೆ 65 ಸರಿಹೋಗುತ್ತದೆ, ಕುಳ್ಳಗಿದ್ದರೆ 55. ಲ್ಯಾಟೆಕ್ಸ್ ಅಲರ್ಜಿ ಇದೆಯಾ ಎಂದು ಮೊದಲೇ ಕೇಳಿ. ಆಸ್ಪತ್ರೆಯಲ್ಲೇ ಚೆಂಡು ಇದೆಯಾ ಎಂದು ಒಂದು ಫೋನ್ ಮಾಡಿ ಕೇಳಿದರೆ ಅರ್ಧ ಚೀಲ ಖಾಲಿಯಾಗುತ್ತದೆ. ರಾತ್ರಿ ಎರಡು ಗಂಟೆಗೆ ಪಂಪು ಹೊಡೆಯುವ ಶಬ್ದವೂ ಚಕ್ರದ ಶಬ್ದದ ಅಕ್ಕನೇ.

ಎಪಿಡ್ಯೂರಲ್ (ನೋವು ತಿಳಿಯದಂತೆ ಬೆನ್ನಿಗೆ ಕೊಡುವ ಅರಿವಳಿಕೆ) ತೆಗೆದುಕೊಂಡವರಿಗೆ ದುಂಡನೆಯ ಚೆಂಡು ಉಪಯೋಗಕ್ಕೆ ಬರುವುದಿಲ್ಲ. ಅವರಿಗೆ ಪೀನಟ್ ಬಾಲ್, ಕಡಲೆಕಾಯಿಯ ಆಕಾರದ್ದು. ಮಗ್ಗುಲಾಗಿ ಮಲಗಿಸಿ ಮಂಡಿಗಳ ನಡುವೆ ಇಡುವುದು, ಆಗಾಗ ಮಗ್ಗುಲು ಬದಲಿಸುವುದು. ಚೆಂಡು ಇಲ್ಲವಾ? ಎರಡು ದಿಂಬು ಸುತ್ತಿ ಇಡಿ, ನಡೆಯುತ್ತದೆ.

ಬಿಸಿ ಪ್ಯಾಕಿನ ವಿಷಯದಲ್ಲಿ ಹುಷಾರು. ಎಪಿಡ್ಯೂರಲ್ ಆದ ಮೇಲೆ ಮರಗಟ್ಟಿದ ಜಾಗಕ್ಕೆ ಬಿಸಿ ಇಡಲೇಬೇಡಿ. ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಒಳಗಿನ ಲೋಹದ ಬಿಲ್ಲೆಯನ್ನು ಟಕ್ ಎನಿಸಿದರೆ ಬಿಸಿಯಾಗುವ ಪ್ಯಾಕು ಬರುತ್ತದಲ್ಲ, ಅದಕ್ಕೆ ಕರೆಂಟೂ ಬೇಡ, ಒಲೆಯೂ ಬೇಡ. ಆದರೆ ಅದು 50 ಡಿಗ್ರಿ ದಾಟುತ್ತದೆ, ಬಟ್ಟೆ ಸುತ್ತದೆ ಇಡಬಾರದು. ಮನೆಗೆ ಬಂದು ನೀರಿನಲ್ಲಿ ಕುದಿಸಿದರೆ ಮತ್ತೆ ಸಿದ್ಧ.

ಒಂದೇ_ಜೇಬು:
ನಾನು ಒಂದು ಟೆನಿಸ್ ಚೆಂಡು ಒಯ್ಯುತ್ತೇನೆ. ಮುಗಿಯಿತು.

ಬೆನ್ನೆಲುಬು:
@ಒಂದೇ_ಜೇಬು ಅದೂ ಒಳ್ಳೆಯದೇ. ಮಗುವಿನ ಮುಖ ತಾಯಿಯ ಹೊಟ್ಟೆಯ ಕಡೆ ತಿರುಗಿದ್ದರೆ ನೋವೆಲ್ಲ ಬೆನ್ನಿಗೇ ಬರುವುದುಂಟು. ಆಗ ಸೊಂಟದ ಕೆಳಗಿನ ಚಪ್ಪಟೆ ಮೂಳೆಯ ಮೇಲೆ ಅಂಗೈ ಬುಡದಿಂದ ಗಟ್ಟಿಯಾಗಿ ಒತ್ತಬೇಕು, ನೋವು ಏರಿ ಇಳಿಯುವವರೆಗೂ. ಕೈ ಸೋತಾಗ ಟೆನಿಸ್ ಚೆಂಡು. ಬೆನ್ನುಮೂಳೆಯ ಮೇಲೆಯೇ ಒತ್ತಬೇಡಿ.

ಚೀಲದ_ಚಿಂತೆ:
ಮರದ ಗುಂಡು ತೆಗೆದೆ, ಟೆನಿಸ್ ಚೆಂಡು ಹಾಕಿದೆ. ಟೆನ್ಸ್ ಯಂತ್ರದ ಬಗ್ಗೆ?

ಹಳೇ_ಕೈ:
ಮರದ ಗುಂಡು ತೆಗೆದದ್ದು ಬೇರೆ ಕಾರಣಕ್ಕೂ ಒಳ್ಳೆಯದು. ಮರ ಎಣ್ಣೆ, ಬೆವರು ಎಲ್ಲ ಹೀರುತ್ತದೆ, ಸರಿಯಾಗಿ ಶುಚಿ ಮಾಡಲು ಆಗುವುದಿಲ್ಲ. ಒಬ್ಬ ತಾಯಿಯಿಂದ ಇನ್ನೊಬ್ಬಳಿಗೆ ಹೋಗುವ ಯಾವುದೇ ವಸ್ತು ಒಗೆಯುವಂತಿರಬೇಕು ಅಥವಾ ಒರೆಸುವಂತಿರಬೇಕು. ಶಾಲು ಪ್ರತಿ ಸಲ ಬಿಸಿ ನೀರಿನಲ್ಲಿ ಒಗೆಯಿರಿ. ಬಾಮ್, ಸ್ಟ್ರಾ, ಬಾಚಣಿಗೆ ಪ್ರತಿಯೊಬ್ಬರಿಗೂ ಹೊಸದು, ಅವರಿಗೇ ಬಿಟ್ಟು ಬನ್ನಿ. ಉಗುರು ಕತ್ತರಿಸಿ, ಉಂಗುರ ಬಳೆ ಬಿಚ್ಚಿಟ್ಟು ಹೋಗಿ.

ಟೆನ್ಸ್ ಯಂತ್ರ ಅವಳಿಗೆ ಬೇಕಿದ್ದರೆ ಮಾತ್ರ. ಹೆರಿಗೆಗೆ ಮೊದಲೇ ಒಂದು ಸಲ ಕಲಿತಿರಬೇಕು. ಪೇಸ್‌ಮೇಕರ್ ಇದ್ದವರಿಗೆ ಬೇಡ, ನೀರಿನಲ್ಲಿ ಬೇಡ. ನೋವು ಶುರುವಾದಾಗಲೇ ಹಚ್ಚಿದರೆ ಉಪಯೋಗ. ಕೊನೆಯಲ್ಲಿ ಹಚ್ಚಲು ಹೋದರೆ ಕಿತ್ತು ಬಿಸಾಡುತ್ತಾರೆ.

ರಾತ್ರಿಪಾಳಿ_ನರ್ಸ್:
ಹಚ್ಚುವ ಮೊದಲು ನಮಗೂ ಒಂದು ಮಾತು ಹೇಳಿ. ಮಗುವಿನ ಬಡಿತದ ಮಾನಿಟರಿಗೆ ಅಡ್ಡಿಯಾಗುತ್ತಿದ್ದರೆ ತೆಗೆಯಿರಿ ಎನ್ನುತ್ತೇವೆ.

ಇನ್ನೊಂದು ತಿದ್ದುಪಡಿ. ತುಟಿಯ ಬಾಮ್ ಎಂದಿರಿ. ಪೆಟ್ರೋಲಿಯಂ ಜೆಲ್ಲಿ ಬೇಡ, ನೀರಿನಂಶದ್ದು ಇಟ್ಟುಕೊಳ್ಳಿ. ಆಮ್ಲಜನಕದ ಮಾಸ್ಕ್ ಹಾಕಬೇಕಾಗಿ ಬಂದರೆ ಜಿಡ್ಡು ಒಳ್ಳೆಯದಲ್ಲ.

ಹಳೇ_ಕೈ:
ಇಷ್ಟು ವರ್ಷದಲ್ಲಿ ಇದನ್ನು ನಾನು ಯೋಚಿಸಿರಲಿಲ್ಲ. ಥ್ಯಾಂಕ್ಸ್ ಸಿಸ್ಟರ್, ನಾಳೆಯೇ ಬದಲಿಸುತ್ತೇನೆ.

ಕನಸಿನ_ಡೂಲಾ:
ಬಾಚಣಿಗೆ ತಲೆ ಬಾಚಲಿಕ್ಕಾ?

ಎರಡು_ಮಕ್ಕಳ_ತಾಯಿ:
ಅಲ್ಲ. ಅಂಗೈಯಲ್ಲಿಟ್ಟು ಹಲ್ಲುಗಳು ಬೆರಳಿನ ಬುಡಕ್ಕೆ ಒತ್ತುವಂತೆ ಹಿಡಿದುಕೊಳ್ಳುವುದು. ನೋವು ಬಂದಾಗ ಅದುಮಿದರೆ ಗಮನ ಅಲ್ಲಿಗೆ ಹೋಗುತ್ತದೆ. ಗಂಡನ ಬೆರಳು ಮುರಿಯುವುದಕ್ಕಿಂತ ಇದು ವಾಸಿ.

ಹೊಸ_ಅಪ್ಪ:
ಇದು ನನಗೆ ಮೊದಲೇ ಗೊತ್ತಿರಬೇಕಿತ್ತು.

ಪ್ರಶ್ನೆ_ಮಾರ್ಕು:
ರೆಬೋಸೋ ಅಂತ ಪದೇ ಪದೇ ಬರುತ್ತಿದೆ. ಶಾಲು ಅಂದರೆ ಸಾಲದಾ, ವಿದೇಶಿ ಹೆಸರು ಯಾಕೆ?

ಅಂಕಿ_ಅಂಶ:
ಅದು ಮೆಕ್ಸಿಕೋದ ಹೆಂಗಸರು ಹೊದೆಯುವ, ಮಗು ಕಟ್ಟಿಕೊಳ್ಳುವ ಉದ್ದನೆಯ ನೇಯ್ದ ಶಾಲು. ಅಲ್ಲಿಯ ಸೂಲಗಿತ್ತಿಯರು ಅದನ್ನು ಹೊಟ್ಟೆಯ ಕೆಳಗೆ ಜೋಲಿಯಂತೆ ಹಿಡಿದು ಮೆಲ್ಲಗೆ ಅಲುಗಿಸುತ್ತಾರೆ. ಅವರ ವಿದ್ಯೆ, ಅವರ ಹೆಸರೇ ಇರಲಿ.

ಹಳೇ_ಕೈ:
ಕಲಿಯದೆ ಅಲುಗಿಸಲು ಹೋಗಬೇಡಿ. ರಕ್ತ ಹೋಗುತ್ತಿದ್ದರಂತೂ ಮುಟ್ಟಲೇಬಾರದು. ನಾನು ಅದನ್ನು ಹೆಚ್ಚಾಗಿ ಬಳಸುವುದು ಬೇರೆ ರೀತಿ. ಮುಕ್ಕುವಾಗ ಅವಳು ಒಂದು ತುದಿ ಎಳೆಯುತ್ತಾಳೆ, ನಾನು ಇನ್ನೊಂದು ತುದಿ. ಚಳಿಯಾದರೆ ಹೊದಿಕೆ. ಬಾಗಿಲು ತೆರೆದಾಗ ಮರೆ.

ಕನಸಿನ_ಡೂಲಾ:
ತಾಯಿಗೆ ತಿನ್ನಲು ಏನಾದರೂ ಇಡಬೇಕಾ? ಒಬ್ಬರು ಏನೂ ಕೊಡಬೇಡಿ ಎನ್ನುತ್ತಾರೆ, ಇನ್ನೊಬ್ಬರು ಕೊಡಿ ಎನ್ನುತ್ತಾರೆ.

ರಾತ್ರಿಪಾಳಿ_ನರ್ಸ್:
ಅಪಾಯ ಕಡಿಮೆ ಇರುವವರು ತಿನ್ನಬಹುದು, ಕುಡಿಯಬಹುದು ಎಂದೇ ವಿಶ್ವ ಆರೋಗ್ಯ ಸಂಸ್ಥೆಯ 2018ರ ಸಲಹೆ. ಆದರೆ ಯಾರಿಗೆ ಅಪಾಯ ಕಡಿಮೆ ಎಂದು ಹೇಳುವವರು ಡೂಲಾ ಅಲ್ಲ. ಕೇಳಿ ಕೊಡಿ. ಕದ್ದು ತಿನ್ನಿಸಿ ಆಮೇಲೆ ಅರಿವಳಿಕೆ ಕೊಡುವ ಡಾಕ್ಟರ ಮುಂದೆ ತಲೆ ತಗ್ಗಿಸಿ ನಿಂತವರನ್ನು ನೋಡಿದ್ದೇನೆ.

ತಿಳಿನೀರು:
ಯಾರೂ ಹೇಳದ ಒಂದು ವಸ್ತು ನನ್ನ ಚೀಲದ ತಳದಲ್ಲಿದೆ. ಒಂದು ಲಕೋಟೆ. ಅದರಲ್ಲಿ ಪಾದದ ಗುರುತು ತೆಗೆಯುವ ಶಾಯಿಯ ಪ್ಯಾಡು, ದಪ್ಪ ಕಾಗದ ನಾಲ್ಕು, ತುಂಬಾ ಸಣ್ಣ ಅಳತೆಯ ಒಂದು ಟೋಪಿ.

ಎಲ್ಲ ಹೆರಿಗೆಯೂ ಅಳುವಿನ ಶಬ್ದದಲ್ಲಿ ಮುಗಿಯುವುದಿಲ್ಲ. ಒಂದು ಸಲ ಹಾಗಾದಾಗ ನನ್ನ ಹತ್ತಿರ ಏನೂ ಇರಲಿಲ್ಲ. ಆ ತಾಯಿ ಎರಡು ವರ್ಷದ ನಂತರ ಕೇಳಿದಳು, "ಅವಳ ಕಾಲು ಎಷ್ಟು ಚಿಕ್ಕದಿತ್ತು ಅಂತ ನಿಮಗೆ ನೆನಪಿದೆಯಾ" ಅಂತ. ಅವತ್ತೇ ಈ ಲಕೋಟೆ ಮಾಡಿಟ್ಟೆ. ಕೇಳದೆ ಹೊರಗೆ ತೆಗೆಯುವುದಿಲ್ಲ. ತಾಯಿಗೆ ಬೇಕೆನಿಸಿದರೆ ಮಾತ್ರ. ನಾಲ್ಕು ವರ್ಷದಲ್ಲಿ ಒಮ್ಮೆ ತೆರೆದಿದ್ದೇನೆ.

ಹಳೇ_ಕೈ:
🙏 ನನ್ನ ಹತ್ತಿರವೂ ಇದೆ.

ಎರಡು_ಮಕ್ಕಳ_ತಾಯಿ:
ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ಚೀಲದ_ಚಿಂತೆ:
ನಾನೂ ಮಾಡಿಡುತ್ತೇನೆ. ಥ್ಯಾಂಕ್ಸ್ ಅಕ್ಕ.

ರಾತ್ರಿಪಾಳಿ_ನರ್ಸ್:
ಇನ್ನೊಂದು ವಿಷಯ. ಡೂಲಾಗಳು ನೋಟ್‌ಬುಕ್ ಇಡುತ್ತೀರಲ್ಲ, ಯಾವಾಗ ನೋವು ಬಂತು, ಏನಾಯಿತು ಎಂದು. ಅದನ್ನು ಎಲ್ಲೆಂದರಲ್ಲಿ ಬಿಡಬೇಡಿ. ಒಮ್ಮೆ ಕ್ಯಾಂಟೀನ್ ಮೇಜಿನ ಮೇಲೆ ಸಿಕ್ಕಿತ್ತು, ತಾಯಿಯ ಪೂರ್ತಿ ಹೆಸರು, ಫೋನ್ ನಂಬರು, ಹಳೆಯ ಗರ್ಭಪಾತದ ವಿವರ ಎಲ್ಲ ಅದರಲ್ಲಿ. ಯಾರ ಕೈಗೆ ಬೇಕಾದರೂ ಸಿಗಬಹುದಿತ್ತು.

ಒಂದೇ_ಜೇಬು:
ಹೆಸರಿನ ಬದಲು ಒಂದು ಅಕ್ಷರ ಬರೆದರೆ ಸಾಕು. ಫೋಟೋ ವಿಷಯವೂ ಹಾಗೇ, ಮೊದಲೇ ಕೇಳಿಟ್ಟುಕೊಳ್ಳಿ. ನನ್ನ ಪೂರ್ತಿ ಪಟ್ಟಿ ಈಗಲಾದರೂ ಹೇಳುತ್ತೇನೆ: ಟೆನಿಸ್ ಚೆಂಡು, ಸ್ಟ್ರಾ, ರಬ್ಬರ್ ಬ್ಯಾಂಡು, ಬ್ರಷ್ಷು, ಚಾರ್ಜರ್, ಟವೆಲ್, ತಿನಿಸು. ಭುಜಕ್ಕೆ ಹಾಕುವ ಸಣ್ಣ ಚೀಲ.

ಲವಂಗದ_ಹೂವು:
ಬದಲಿ ಬಟ್ಟೆ ಇಲ್ಲವಾ?

ಒಂದೇ_ಜೇಬು:
ಕಾರಿನಲ್ಲಿರುತ್ತದೆ.

ಲವಂಗದ_ಹೂವು:
ಹಾಗಾದರೆ ನಿಮ್ಮದು ಒಂದೇ ಜೇಬಲ್ಲ, ಒಂದು ಜೇಬು ಮತ್ತು ಒಂದು ಕಾರು.

ಹಳೇ_ಕೈ:
😂😂 ತಮಾಷೆ ಬಿಡಿ, ಅದು ಒಳ್ಳೆಯ ಉಪಾಯವೇ. ಕೈಚೀಲ ಒಳಗೆ, ದೊಡ್ಡ ಚೀಲ ಗಾಡಿಯಲ್ಲಿ. ಆದರೆ ನೀರು ಒಡೆದು ನಿಮ್ಮ ಮಡಿಲ ಮೇಲೆಯೇ ಬಂದಾಗ ಗಾಡಿ ಮೂರು ಮಹಡಿ ಕೆಳಗಿರುತ್ತದೆ, ನೆನಪಿಟ್ಟುಕೊಳ್ಳಿ.

ಚೀಲದ_ಚಿಂತೆ:
ಮೂರೂವರೆ ವಾರದ ನಂತರ ಬಂದೆ. ಆಯಿತು!! 39 ವಾರ 4 ದಿನ. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಹೆಚ್ಚಿನ ವಿವರ ಅವರದ್ದು, ಹಾಗಾಗಿ ಚೀಲದ ವಿಷಯ ಮಾತ್ರ ಬರೆಯುತ್ತೇನೆ.

ರಾತ್ರಿ 1:40ಕ್ಕೆ ಫೋನ್ ಬಂತು. ನಾನು ಅವರ ಜೊತೆಗಿದ್ದದ್ದು ಒಟ್ಟು 19 ಗಂಟೆ. ಬೆನ್ನಿನ ಚೀಲ ಒಂದೇ. ಆಸ್ಪತ್ರೆಯಲ್ಲೇ ಚೆಂಡಿತ್ತು, ಮೊದಲೇ ಫೋನ್ ಮಾಡಿ ಕೇಳಿದ್ದೆ. ಟೆನ್ಸ್ ಬೇಡವೆಂದಿದ್ದರು, ಒಯ್ಯಲಿಲ್ಲ. ಹತ್ತಿ ಉಂಡೆ ಒಂದು ಸಲ ಮೂಸಿದರು, "ಥೂ" ಅಂದರು, ಜಿಪ್ ಮುಚ್ಚಿದೆ. ಹನ್ನೆರಡು ದೀಪದಲ್ಲಿ ಮೂರು ಒಯ್ದಿದ್ದೆ. ಅವು ಬಾತ್‌ರೂಮಿನಲ್ಲಿ ಉರಿದವು, ಏಕೆಂದರೆ ಅವರು ಎರಡು ಗಂಟೆ ಅಲ್ಲೇ ದೊಡ್ಡ ಲೈಟು ಆರಿಸಿ ಶವರಿನ ಕೆಳಗೆ ಕುಳಿತಿದ್ದರು. ನಾನು ಹೊರಗಿನಿಂದ ಕೈ ಚಾಚಿ ಬೆನ್ನಿಗೆ ನೀರು ಬಿಡುತ್ತಿದ್ದೆ. ಟವೆಲ್ ಎರಡು ಸಾಲಲಿಲ್ಲ, ಮುಂದಿನ ಸಲ ನಾಲ್ಕು. ಬಾಚಣಿಗೆ ಬೆಳಗ್ಗೆ ಆರರಿಂದ ಕೊನೆಯವರೆಗೂ ಕೈಯಿಂದ ಬಿಡಲಿಲ್ಲ, ಅಂಗೈ ತುಂಬ ಹಲ್ಲಿನ ಗುರುತು. ಪವರ್ ಬ್ಯಾಂಕ್ ಅವರ ಗಂಡನ ಪಾಲಾಯಿತು. ಇನ್ನೂ ವಾಪಸ್ ಬಂದಿಲ್ಲ.

ಮರೆತದ್ದು ಚಪ್ಪಲಿ! ಬದಲಿ ಬಟ್ಟೆ ಇತ್ತು, ಕಾಲಿಗೆ ಮಾತ್ರ ಏನೂ ಇರಲಿಲ್ಲ. ಶೂ ಪೂರ್ತಿ ಒದ್ದೆ. ಬರಿಗಾಲಲ್ಲಿ ಮನೆಗೆ ಬಂದೆ.

ಲಕೋಟೆ ತಳದಲ್ಲೇ ಇತ್ತು.

ತಿಳಿನೀರು:
ಅಲ್ಲೇ ಇರಲಿ. ಅಭಿನಂದನೆ ತಂಗಿ.

ಹಳೇ_ಕೈ:
ಶಭಾಷ್! ಒಗೆಯಲು ಬರುವ ರಬ್ಬರಿನ ಚಪ್ಪಲಿ ತೆಗೆದುಕೊಳ್ಳಿ. ಊಟ ಮಾಡಿದಿರಾ ಅಲ್ಲಿ?

ಚೀಲದ_ಚಿಂತೆ:
ಮಾಡಿದೆ ಅಕ್ಕ. ಮೂರು ಸಲ. ಪ್ರತಿ ಸಲವೂ ಹಲ್ಲುಜ್ಜಿದೆ.

ಇನ್ನೊಂದು ತಪ್ಪು ಒಪ್ಪಿಕೊಳ್ಳಬೇಕು. ಒಂದು ಪುಸ್ತಕ ಒಯ್ದೇ ಬಿಟ್ಟಿದ್ದೆ.

ಒಂದೇ_ಜೇಬು:
ತೆರೆದಿರಾ?

ಚೀಲದ_ಚಿಂತೆ:
ಇಲ್ಲ. ಬಾತ್‌ರೂಮಿನ ಬಾಗಿಲು ತಾನಾಗಿಯೇ ಬಡಿದುಕೊಳ್ಳುತ್ತಿತ್ತು. 412 ಪುಟ, ಸರಿಯಾಗಿ ಕೂತಿತು.